ಎಣಿಕೆಗೆ ಬಾರದ ಗಾಯಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಬಂದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು. ವ್ಯಾಪಾರಿ ಅಂಡಿಗೆಗಳನ್ನು ಎಣಿಸಿದ, ಸರಕಾರ ಸುಂಕವನ್ನು ಎಣಿಸಿತು. ಅಂಡಿಗೆ ಹೊತ್ತವರಲ್ಲಿ ಎಷ್ಟು ಮಂದಿಯ ಸೊಂಟ ಮುರಿಯಿತೆಂದು ಎಣಿಸಬೇಕೆನ್ನುವ ಕಾನೂನು ಮಾತ್ರ ಆಗ ಇರಲಿಲ್ಲ.

1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. ಗಿರಣಿಗಳ ಆ ಪ್ರಾಂತದಲ್ಲಿ ಎದ್ದ ಕೂಗಿನ ಫಲವೂ ಆಗಿ 1881ರಲ್ಲಿ ದೇಶದ ಮೊದಲ ಕಾರ್ಖಾನೆ ಕಾಯಿದೆ ಬಂದಿತು. ಯಂತ್ರವಿದ್ದು ನೂರು ಜನ ದುಡಿಯುವ ಸ್ಥಳ ಮಾತ್ರ ಅದರ ಲೆಕ್ಕದಲ್ಲಿ ಕಾರ್ಖಾನೆ. 1891ರಲ್ಲಿ ಆ ನೂರು ಐವತ್ತಾಯಿತು, 1922ರಲ್ಲಿ ಇಪ್ಪತ್ತು, 1948ರಲ್ಲಿ ಹತ್ತು. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಕಥೆಯೂ ಹೀಗೆಯೇ. ಮೊದಲು ಹತ್ತು ದಿನಕ್ಕಿಂತ ಹೆಚ್ಚು ಕೆಲಸ ತಪ್ಪಿಸಿದ ಗಾಯಕ್ಕೆ ಮಾತ್ರ ಪರಿಹಾರವಿತ್ತು. 1933ರಲ್ಲಿ ಆ ಅವಧಿ ಏಳು ದಿನಕ್ಕೆ, 1959ರಲ್ಲಿ ಮೂರು ದಿನಕ್ಕೆ ಇಳಿಯಿತು. ಹೀಗೆ ಗೆರೆ ಸರಿದಾಗಲೆಲ್ಲ ಕಡತದ ಗಾಯಗಳು ಹೆಚ್ಚಿದರೆ, ಅಪಾಯ ಹೆಚ್ಚಿತೆಂದು ಅರ್ಥವಲ್ಲ. ಎಣಿಸುವ ಕಣ್ಣು ಅಗಲವಾಯಿತೆಂದು ಅರ್ಥ. ಹಳೆಯ ಅಂಕಿಗಳನ್ನು ಓದುವವರು ಮೊದಲು ಕೇಳಬೇಕಾದದ್ದು, ಗೆರೆ ಎಲ್ಲಿತ್ತು ಎಂಬುದನ್ನೇ.

ಎರಡನೆಯ ಪ್ರಶ್ನೆ, ಎಷ್ಟು ದುಡಿಮೆಗೆ ಎಷ್ಟು ಗಾಯ ಎಂಬುದು. 1966ರಲ್ಲಿ ಪ್ರಕಟವಾಗಿ 1983ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕದಲ್ಲಿ ಅದಕ್ಕೆ ಎರಡು ಅಳತೆಗಳಿವೆ. ಕೆಲಸಗಾರರೆಲ್ಲರೂ ದುಡಿದ ಗಂಟೆಗಳನ್ನು ಕೂಡಿಸಿ, ಹತ್ತು ಲಕ್ಷ ಗಂಟೆಗೆ ಎಷ್ಟು ಗಾಯವೆಂದು ನೋಡುವುದು ಒಂದು. ಅಷ್ಟೇ ಗಂಟೆಗೆ ಎಷ್ಟು ದಿನದ ದುಡಿಮೆ ನಷ್ಟವೆಂದು ನೋಡುವುದು ಇನ್ನೊಂದು. ಸಾವೊಂದನ್ನು 6000 ದಿನಗಳ ನಷ್ಟವೆಂದು ಹಿಡಿಯುತ್ತಾರೆ.

ಒಂದು ಕಲ್ಪಿತ ಲೆಕ್ಕ ಮಾಡೋಣ. ಒಂದು ಕಾರ್ಖಾನೆಯಲ್ಲಿ ನೂರು ಜನ ವರ್ಷಕ್ಕೆ ತಲಾ 2000 ಗಂಟೆ ದುಡಿದರು; ನಾಲ್ವರಿಗೆ ಗಾಯವಾಗಿ ಐದೈದು ದಿನ ಕೆಲಸ ತಪ್ಪಿತು. ಇನ್ನೊಂದರಲ್ಲಿ ಐನೂರು ಜನ ಅಷ್ಟೇ ಗಂಟೆ ದುಡಿದರು. ಒಂಬತ್ತು ಮಂದಿಗೆ ಐದೈದು ದಿನ ತಪ್ಪಿತು, ಹತ್ತನೆಯವನು ಸತ್ತ. ಮೊದಲ ಅಳತೆಯಲ್ಲಿ ಸಣ್ಣ ಕಾರ್ಖಾನೆಯದು 20, ದೊಡ್ಡದರದು 10. ಆದುದರಿಂದ ದೊಡ್ಡದೇ ಲೇಸೆನಿಸುತ್ತದೆ. ಎರಡನೆಯದರಲ್ಲಿ ಸಣ್ಣದು 100, ದೊಡ್ಡದು 6045! ಒಂದೇ ಅಂಕಿಯನ್ನು ಹಿಡಿದು ತೀರ್ಪು ಹೇಳುವವರನ್ನು ನಾನು ನಂಬದಿರುವುದು ಇದಕ್ಕಾಗಿ.

ಈ ಲೆಕ್ಕವನ್ನು ಹಿಡಿದು ನಮ್ಮ ಕರಾವಳಿಗೆ ಬರೋಣ. 1990ರಿಂದ 1998ರವರೆಗೆ ನಡೆದ ಕೊಂಕಣ ರೈಲುಮಾರ್ಗದ ಕೆಲಸ ಕುಮಟಾ, ಹೊನ್ನಾವರ, ಭಟ್ಕಳಗಳ ಮೇಲೆ ಹಾದುಹೋಯಿತು. ಆ ದಾರಿಯ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಮಿಕ್ಕಿದ್ದು, ಹೊನ್ನಾವರದ ಬಳಿ ಶರಾವತಿಯ ಮೇಲಿದೆ. ಇಡೀ ಮಾರ್ಗದ ನಿರ್ಮಾಣದಲ್ಲಿ 74 ಮಂದಿ ಸತ್ತರೆಂದು ಲೆಕ್ಕ. ಅವರ ನೆನಪಿಗೆ ರತ್ನಾಗಿರಿಯಲ್ಲಿ ಸ್ಮಾರಕವಿದೆ. ಸತ್ತವರನ್ನು ನೆನೆಯಲು ಆ ಸಂಖ್ಯೆ ಸಾಕು. ಆದರೆ ಸುರಂಗ ಕೊರೆಯುವವನಿಗೂ ಸೇತುವೆ ಕಟ್ಟುವವನಿಗೂ ಇದ್ದ ಅಪಾಯ ಎಷ್ಟೆಷ್ಟೆಂದು ತಿಳಿದು ಮುಂದಿನ ಕೆಲಸದಲ್ಲಿ ಜೀವ ಉಳಿಸಬೇಕಾದರೆ, ಅವರವರು ದುಡಿದ ಗಂಟೆಗಳಿಂದ ಅದನ್ನು ಭಾಗಿಸಲೇಬೇಕು.

ರೈಲಿನ ಕೆಲಸಕ್ಕೆ ಗುತ್ತಿಗೆದಾರರ ಹಾಜರಿ ಪುಸ್ತಕವಾದರೂ ಉಂಟು. ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರುವ ಕೊನೆಗೌಡ, ಅಘನಾಶಿನಿಯ ಹಿನ್ನೀರಿನಲ್ಲಿ ಬಳಚು ಹೆಕ್ಕುವ ಹೆಂಗಸು, ಭಟ್ಕಳದಿಂದ ಕಡಲಿಗಿಳಿಯುವ ಮೀನುಗಾರ, ಇವರ ದುಡಿಮೆಯ ಜಾಗ ಯಾವ ಕಾಯಿದೆಯ ಕಾರ್ಖಾನೆಯೂ ಅಲ್ಲ. ರೋಗದ ಮಾತು ಇನ್ನೂ ಕಷ್ಟದ್ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿ, ಮುಂದೆ ಘಟ್ಟವಿಳಿದು ಹೊನ್ನಾವರದ ಕಡೆಗೂ ಬಂದ ಮಂಗನ ಕಾಯಿಲೆ, ಕಾಡಿನಲ್ಲಿ ಉಣ್ಣೆ ಕಚ್ಚಿದ ಕೆಲವು ದಿನಗಳ ಮೇಲೆ ಮನೆಯಲ್ಲಿ ಜ್ವರವಾಗಿ ಏಳುತ್ತದೆ. ಸೌದೆಗೆ ಹೋದವಳ ಆ ಜ್ವರ ಆಸ್ಪತ್ರೆಯ ಲೆಕ್ಕಕ್ಕೆ ಸೇರೀತು; ದುಡಿಮೆಯ ಲೆಕ್ಕಕ್ಕೆ ಸೇರುವುದೆಲ್ಲಿ?

ಇಲ್ಲಿ ಲೆಕ್ಕವೇ ಸಾಧ್ಯವಿಲ್ಲವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಐದು ಜನ ಕೊನೆಗೌಡರಿರುವ ಊರಿನಲ್ಲಿ ಒಬ್ಬ ಬಿದ್ದರೆ ಆ ವರ್ಷದ ಪ್ರಮಾಣ ಆಕಾಶಕ್ಕೇರುತ್ತದೆ, ಮರುವರ್ಷ ಸೊನ್ನೆಯಾಗುತ್ತದೆ ಎಂಬುದು ನಿಜ. ಹತ್ತಾರು ಊರುಗಳನ್ನೂ ಹಲವು ವರ್ಷಗಳನ್ನೂ ಕೂಡಿಸಿದರೆ ಆ ದೋಷ ಕಳೆಯುತ್ತದೆ. ಇನ್ನು ಭಾಗಿಸಬೇಕಾದ ಅಂಕಿಯೇನೋ ನಮ್ಮಲ್ಲಿ ಬರೆದೇ ಇರುತ್ತದೆ. ಕೊನೆಗೌಡನಿಗೆ ಕೂಲಿ ಕೊಡಲು ತೋಟದವನೂ, ಪಾಲು ಹಂಚಲು ದೋಣಿಯವನೂ ದುಡಿದ ದಿನಗಳನ್ನು ಗುರುತುಹಾಕಿಕೊಳ್ಳುತ್ತಾರಲ್ಲವೇ? ಅದೇ ಪುಸ್ತಕದಲ್ಲಿ ಬಿದ್ದವರಿಗೆ, ಮುಳುಗಿದವರಿಗೆ, ಜ್ವರ ಹಿಡಿದವರಿಗೆ ಇನ್ನೊಂದು ಗೆರೆ ಎಳೆದು, ಊರಿನ ಸಹಕಾರಿ ಸಂಘ ವರ್ಷಕ್ಕೊಮ್ಮೆ ಅದನ್ನು ಕೂಡಿಸಿದರೆ ಸಾಕು. ಪರಿಹಾರ ಕೇಳಲು ಹೋದ ವಿಧವೆಯ ಕೈಯಲ್ಲಿ ಆಗ ಕಣ್ಣೀರಿನ ಜೊತೆಗೆ ಒಂದು ಕಾಗದವೂ ಇರುತ್ತದೆ.