ಐದು ಶಿಲಿಂಗಿನ ಲಂಡನ್ ಯಾತ್ರೆ

ಲಂಡನ್ನಿನಿಂದ ನೂರು ಮೈಲಿ ದೂರದ ಲೆಸ್ಟರ್ ಪಟ್ಟಣ ಹತ್ತೊಂಬತ್ತನೆಯ ಶತಮಾನದ ನಡುವೆ ಕಾಲುಚೀಲ ಹೆಣೆಯುವವರ ಊರಾಗಿತ್ತು. ಅಲ್ಲಿಂದ ರಾಜಧಾನಿಗೆ ರೈಲು ಸಂಪರ್ಕ 1840ರಲ್ಲೇ ಬಂದಿತ್ತು. ಆದರೆ ರೈಲು ಬಂದ ಮಾತ್ರಕ್ಕೆ ಲಂಡನ್ ಹತ್ತಿರವಾಗಲಿಲ್ಲ. ಪ್ರತಿಯೊಂದು ಮಾರ್ಗದಲ್ಲೂ ದಿನಕ್ಕೊಂದಾದರೂ ರೈಲು ಮೂರನೆಯ ದರ್ಜೆಯವರನ್ನು ಮೈಲಿಗೆ ಒಂದು ಪೆನ್ನಿ ಮೀರದ ದರದಲ್ಲಿ ಒಯ್ಯಬೇಕೆಂದು 1844ರ ಕಾನೂನು ಹೇಳಿತ್ತು. ಬಡವರಿಗೆ ಅನುಕೂಲ ಮಾಡಲೆಂದೇ ತಂದ ಕಾನೂನು ಅದು. ಲೆಕ್ಕ ಹಾಕಿದರೆ ಮಾತ್ರ ಅನುಕೂಲ ಎಷ್ಟೆಂಬುದು ತಿಳಿಯುತ್ತದೆ. ಹನ್ನೆರಡು ಪೆನ್ನಿಗೆ ಒಂದು ಶಿಲಿಂಗ್. ನೂರು ಮೈಲಿ ಹೋಗಿ ಬರಲು ಹದಿನಾರು ಶಿಲಿಂಗಿಗೂ ಹೆಚ್ಚು. ಹೊಲದಲ್ಲಿ ದುಡಿಯುವ ಆಳಿಗೆ ಆಗ ಸಿಗುತ್ತಿದ್ದುದು ವಾರಕ್ಕೆ ಹತ್ತು ಶಿಲಿಂಗಿನ ಆಸುಪಾಸು. ಅಂದರೆ ಹತ್ತು ದಿನದ ಕೂಲಿಯನ್ನು ರೈಲಿಗೇ ಸುರಿಯಬೇಕು. ಊಟ, ವಸತಿ, ಹೋದ ದಿನಗಳ ಕೂಲಿನಷ್ಟ ಇವೆಲ್ಲ ಬೇರೆ.

ದುಡಿಯುವ ಜನ ಎರಡು ಮೂರು ದಿನದ ಮಟ್ಟಿಗೆ ಮಹಾನಗರವೊಂದನ್ನು ನೋಡಿಕೊಂಡು ಬರುವುದು ಎಂಬ ಸಂಗತಿ ದೊಡ್ಡ ಪ್ರಮಾಣದಲ್ಲಿ ಸಾಧ್ಯವಾದದ್ದು 1851ರ ಬೇಸಿಗೆಯಲ್ಲಿ. ಆ ವರ್ಷದ ಮೇ 1ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಎಲ್ಲ ದೇಶಗಳ ಕೈಗಾರಿಕಾ ವಸ್ತುಗಳ ಮಹಾಪ್ರದರ್ಶನ ಆರಂಭವಾಯಿತು. ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಅದರ ಮುಖ್ಯ ಪ್ರೇರಕ. ಜೋಸೆಫ್ ಪ್ಯಾಕ್ಸ್‌ಟನ್ ಎಂಬಾತ ಅದಕ್ಕಾಗಿ ಕಬ್ಬಿಣ ಮತ್ತು ಗಾಜಿನಲ್ಲೇ 1,848 ಅಡಿ ಉದ್ದದ ಕಟ್ಟಡವೊಂದನ್ನು ನಿರ್ಮಿಸಿದ್ದ. ಪ್ಯಾಕ್ಸ್‌ಟನ್ ಮೂಲತಃ ವಾಸ್ತುಶಿಲ್ಪಿಯಲ್ಲ, ಶ್ರೀಮಂತ ಡ್ಯೂಕನೊಬ್ಬನ ತೋಟದ ಮುಖ್ಯಸ್ಥ. ಉದ್ಯಾನದಲ್ಲಿದ್ದ ಎತ್ತರದ ಎಲ್ಮ್ ಮರಗಳನ್ನು ಕಡಿಯದೆ ಅವುಗಳನ್ನು ಒಳಗೇ ಇಟ್ಟುಕೊಂಡು ಮೇಲೆ ಗಾಜಿನ ಕಮಾನು ಹೊದಿಸಿದ್ದೂ ಈ ಕಟ್ಟಡದ ಒಂದು ವಿಶೇಷ. ಜನ ಅದನ್ನು ಸ್ಫಟಿಕದ ಅರಮನೆ ಎಂದು ಕರೆದರು.

ಅರಮನೆಯೇನೋ ಸಿದ್ಧವಾಯಿತು. ಅದನ್ನು ಯಾರು ನೋಡಬೇಕು ಎಂಬುದೇ ದೊಡ್ಡ ಜಿಜ್ಞಾಸೆ. ಮೂರೇ ವರ್ಷದ ಹಿಂದೆ, 1848ರಲ್ಲಿ, ಯುರೋಪಿನ ಹಲವು ರಾಜಧಾನಿಗಳಲ್ಲಿ ಕ್ರಾಂತಿಯ ಬೆಂಕಿ ಎದ್ದಿತ್ತು. ಲಂಡನ್ನಿನಲ್ಲಿಯೂ ಮತದಾನದ ಹಕ್ಕು ಕೇಳುತ್ತಿದ್ದ ಚಾರ್ಟಿಸ್ಟರು ಭಾರಿ ಸಭೆ ನಡೆಸಿದ್ದರು. ಈಗ ಗಣಿ, ಗಿರಣಿಗಳ ಲಕ್ಷಾಂತರ ಕೂಲಿಕಾರರನ್ನು ರಾಣಿಯ ಅರಮನೆಯ ಸಮೀಪಕ್ಕೇ ಕರೆತರುವುದೆಂದರೇನು? ಕರ್ನಲ್ ಸಿಬ್‌ಥಾರ್ಪ್ ಎಂಬ ಸಂಸತ್ ಸದಸ್ಯನಂತೂ ಕಳ್ಳಕಾಕರು ಬರುತ್ತಾರೆ, ಬೆಳ್ಳಿ ಸಾಮಾನು ಜೋಪಾನ ಎಂದು ನಗರವಾಸಿಗಳನ್ನು ಎಚ್ಚರಿಸುತ್ತಲೇ ಇದ್ದ. ಕಾರ್ಮಿಕರ ಭೇಟಿಗೆ ಅನುಕೂಲ ಕಲ್ಪಿಸಲು 1850ರಲ್ಲಿ ಒಂದು ಕೇಂದ್ರ ಸಮಿತಿ ರಚನೆಯಾಯಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅದರಲ್ಲಿದ್ದ. ಆದರೆ ಪ್ರದರ್ಶನದ ರಾಜ ಆಯೋಗ ಅದಕ್ಕೆ ಮಾನ್ಯತೆ ಕೊಡಲು ಹಿಂಜರಿಯಿತು. ಕೆಲವೇ ತಿಂಗಳಲ್ಲಿ ಡಿಕನ್ಸ್ ತಾನೇ ಮುಂದಾಗಿ ಸಮಿತಿಯನ್ನು ವಿಸರ್ಜಿಸಿಬಿಟ್ಟ.

ಪ್ರವೇಶದರದಲ್ಲೇ ಈ ಅಳುಕು ಕಾಣುತ್ತದೆ. ಇಡೀ ಅವಧಿಯ ಟಿಕೆಟು ಗಂಡಸರಿಗೆ ಮೂರು ಗಿನಿ, ಹೆಂಗಸರಿಗೆ ಎರಡು ಗಿನಿ. ಮೊದಲ ಕೆಲವು ವಾರ ಜನಸಾಮಾನ್ಯರಿಗೆ ಪ್ರವೇಶವೇ ದುಬಾರಿ. ಮೇ 26ರ ನಂತರ ಮಾತ್ರ ಸೋಮವಾರದಿಂದ ಗುರುವಾರದವರೆಗೆ ಒಂದು ಶಿಲಿಂಗ್ ನಿಗದಿಯಾಯಿತು. ಶುಕ್ರವಾರ ಎರಡೂವರೆ, ಶನಿವಾರ ಐದು. ಬಡವರು ಯಾವ ದಿನ ಬರಬೇಕು, ಅವರ ಮೈಗೆ ಮೈ ತಾಗಿಸಿಕೊಳ್ಳಲು ಇಷ್ಟವಿಲ್ಲದವರು ಯಾವ ದಿನ ಬರಬೇಕು ಎಂಬುದನ್ನು ಹೀಗೆ ನಯವಾಗಿ ಬೇರ್ಪಡಿಸಲಾಯಿತು. ಆಗಿನ ನಮ್ಮ ರೂಪಾಯಿಗೆ ಹೆಚ್ಚುಕಡಿಮೆ ಎರಡು ಶಿಲಿಂಗ್. ಅಂದರೆ ಎಂಟಾಣೆಯ ಟಿಕೆಟು.

ಇನ್ನು ರೈಲಿನ ಮಾತು. ಇಲ್ಲಿ ಬರುತ್ತಾನೆ ಥಾಮಸ್ ಕುಕ್. 1808ರಲ್ಲಿ ಹುಟ್ಟಿದ ಈತ ಬಡಗಿ ಕೆಲಸ ಕಲಿತವನು, ಬ್ಯಾಪ್ಟಿಸ್ಟ್ ಪಂಥದ ಪ್ರಚಾರಕ, ಕುಡಿತದ ಕಡು ವಿರೋಧಿ. 1841ರ ಜುಲೈ 5ರಂದು ಮದ್ಯಪಾನ ವಿರೋಧಿ ಸಭೆಗಾಗಿ ಸುಮಾರು ಐನೂರು ಮಂದಿಯನ್ನು ಒಂದು ಶಿಲಿಂಗ್ ದರದಲ್ಲಿ ಲೆಸ್ಟರ್‌ನಿಂದ ಲಫ್‌ಬರೋಗೆ ವಿಶೇಷ ರೈಲಿನಲ್ಲಿ ಕರೆದೊಯ್ದು ಹೆಸರಾಗಿದ್ದ. ಹೆಂಡದಂಗಡಿಗೆ ಹೋಗುವ ಹಣ ಪ್ರಯಾಣಕ್ಕೆ ಖರ್ಚಾದರೆ ಮನುಷ್ಯ ಸುಧಾರಿಸುತ್ತಾನೆಂಬುದು ಅವನ ನಂಬಿಕೆ. ನಂಬಿಕೆ ಗಟ್ಟಿಯಿದ್ದರೂ ವ್ಯಾಪಾರ ಅಷ್ಟು ಗಟ್ಟಿಯಿರಲಿಲ್ಲ. 1846ರಲ್ಲಿ ದಿವಾಳಿಯಾಗಿ ಮತ್ತೆ ತಲೆಯೆತ್ತಿದ್ದ. 1850ರ ಕೊನೆಗೆ ಅವನ ಕಣ್ಣಿದ್ದದ್ದು ಅಮೆರಿಕದ ಮೇಲೆ. ಅಲ್ಲಿಗೆ ಪ್ರವಾಸ ಏರ್ಪಡಿಸುವ ಯೋಚನೆಯಲ್ಲಿ ಲಿವರ್‌ಪೂಲಿಗೆ ಹೊರಟವನಿಗೆ ಡರ್ಬಿಯಲ್ಲಿ ಪ್ಯಾಕ್ಸ್‌ಟನ್ ಮತ್ತು ಮಿಡ್ಲೆಂಡ್ ರೈಲ್ವೆ ಕಂಪನಿಯ ಅಧ್ಯಕ್ಷ ಜಾನ್ ಎಲ್ಲಿಸ್ ಎದುರಾದರು. ಅಮೆರಿಕ ಹಾಗಿರಲಿ, ನಮ್ಮ ಕಡೆಯ ಜನರನ್ನು ಲಂಡನ್ನಿಗೆ ಕರೆದುಕೊಂಡು ಹೋಗುವ ಹೊಣೆ ಹೊತ್ತುಕೋ ಎಂದರು. ತಲೆಗಿಷ್ಟು ಎಂದು ಕುಕ್‌ಗೆ ಕಮಿಷನ್. ಹೋಗಿ ಬರುವ ದರ ಹದಿನೈದು ಶಿಲಿಂಗ್.

ಆ ದರದಲ್ಲಿ ಎಷ್ಟು ಮಂದಿ ಹೋಗುತ್ತಿದ್ದರೋ ಹೇಳುವುದು ಕಷ್ಟ. ಆದರೆ ಅಷ್ಟರಲ್ಲಿ ಹೊಸದಾಗಿ ಲಂಡನ್ ತಲುಪಿದ್ದ ಗ್ರೇಟ್ ನಾರ್ದರ್ನ್ ಕಂಪನಿ ಪೈಪೋಟಿಗಿಳಿಯಿತು. ಇವರು ಇಳಿಸಿದರೆ ಅವರು, ಅವರು ಇಳಿಸಿದರೆ ಇವರು. ಕಡೆಗೆ ದರ ಐದು ಶಿಲಿಂಗಿಗೆ ಬಂದು ನಿಂತಿತು. ಮೊದಲ ಕರಾರಿನ ಪ್ರಕಾರ ಕುಕ್‌ಗೆ ಬರಬೇಕಾದ ಹಣ ಈ ದರಕ್ಕೆ ಹೊಂದುತ್ತಿರಲಿಲ್ಲ. ಅವನೇ ಕರಾರನ್ನು ಬಿಟ್ಟುಕೊಟ್ಟು ದರ ಇಳಿಸಲು ಹೇಳಿದ. ಧರ್ಮಬುದ್ಧಿಯೋ ವ್ಯಾಪಾರಬುದ್ಧಿಯೋ, ಎರಡೂ ಇದ್ದಿರಬೇಕು.

ಐದು ಶಿಲಿಂಗಾದರೂ ಒಮ್ಮೆಗೇ ಕೊಡುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಅದಕ್ಕೆಂದೇ ಪಟ್ಟಣ ಪಟ್ಟಣಗಳಲ್ಲಿ ಪ್ರದರ್ಶನ ಸಂಘಗಳು ಹುಟ್ಟಿಕೊಂಡವು. ವಾರ ವಾರವೂ ಕೆಲವು ಪೆನ್ನಿ ಕಟ್ಟುತ್ತ ಹೋದರೆ ಬೇಸಿಗೆಯ ಹೊತ್ತಿಗೆ ಪ್ರಯಾಣದ ಹಣ ಕೂಡುತ್ತಿತ್ತು. ನಮ್ಮಲ್ಲಿ ಯಾತ್ರೆಗೆಂದು ಚೀಟಿ ಹಾಕುವಂತೆಯೇ. ಕುಕ್ ಮತ್ತು ಅವನ ಹದಿನೇಳು ವರ್ಷದ ಮಗ ಜಾನ್ ಮೇಸನ್ ಗಿರಣಿ ಊರುಗಳಲ್ಲಿ ಬ್ಯಾಂಡು ಬಾರಿಸಿಕೊಂಡು ಜನ ಸೇರಿಸಿ ಟಿಕೆಟು ಮಾರಿದರು. ಕುಕ್ ಇದಕ್ಕೆಂದೇ ಒಂದು ಪತ್ರಿಕೆಯನ್ನೂ ಹೊರಡಿಸಿದ. ಕೆಲವು ಹಳ್ಳಿಗಳಲ್ಲಿ ಪಾದ್ರಿಗಳೇ ಮುಂದೆ ನಿಂತು ಊರಿಗೆ ಊರನ್ನೇ ಹೊರಡಿಸಿದರು.

ಹೊರಡುವುದೆಂದರೆ ಸುಮ್ಮನೆ ಅಲ್ಲ. ಭಾನುವಾರ ಒಂದೇ ರಜೆ, ಆದರೆ ಭಾನುವಾರ ಪ್ರದರ್ಶನ ಮುಚ್ಚಿರುತ್ತಿತ್ತು. ದೇವರ ದಿನದಂದು ಬಾಗಿಲು ತೆರೆಯುವುದಕ್ಕೆ ಯಾರೂ ಒಪ್ಪುವಂತಿರಲಿಲ್ಲ. ಹೀಗಾಗಿ ಶಿಲಿಂಗಿನ ದಿನ ನೋಡಬೇಕೆಂದರೆ ಕೂಲಿ ಕಳೆದುಕೊಳ್ಳಲೇಬೇಕು, ಅಥವಾ ಮಾಲೀಕ ಮನಸ್ಸು ಮಾಡಿ ರಜೆ ಕೊಡಬೇಕು. ಒಂದು ದಿನ ಉಳಿಯಲೆಂದು ರಾತ್ರಿಯಿಡೀ ಪ್ರಯಾಣ ಮಾಡಿದವರು ಎಷ್ಟೋ ಜನ. ಗಡಿಯಾರದ ತೊಡಕು ಬೇರೆ. ರೈಲು ಕಂಪನಿಗಳು ಲಂಡನ್ ಸಮಯವನ್ನು ಒಪ್ಪಿಕೊಂಡಿದ್ದರೂ ಊರುಗಳೆಲ್ಲ ಒಪ್ಪಿರಲಿಲ್ಲ. ಬ್ರಿಸ್ಟಲ್ ನಗರದ ಸಮಯ 1852ರವರೆಗೂ ಲಂಡನ್ನಿಗಿಂತ ಹತ್ತು ನಿಮಿಷ ಹಿಂದೆ. ಊರ ಗಡಿಯಾರ ನಂಬಿ ನಿಲ್ದಾಣಕ್ಕೆ ಬಂದವನಿಗೆ ರೈಲಿನ ಹೊಗೆಯಷ್ಟೇ ಕಾಣುವ ಸಂಭವವಿತ್ತು.

ಇಳಿದುಕೊಳ್ಳುವುದೆಲ್ಲಿ ಎಂಬುದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. 1851ರ ಜನಗಣತಿಯಂತೆ ಲಂಡನ್ನಿನ ಜನಸಂಖ್ಯೆ ಸುಮಾರು 23 ಲಕ್ಷ 60 ಸಾವಿರ. ಅಂದಿನ ಜಗತ್ತಿಗೆ ಅದು ಊಹಿಸಲೂ ಕಷ್ಟವಾದ ಊರು. ಗುರುತು ಪರಿಚಯವಿಲ್ಲದವನನ್ನು ಸುಲಿಯಲು ಕಾದಿದ್ದ ಮನೆಗಳಿಗೇನೂ ಕೊರತೆಯಿರಲಿಲ್ಲ. ಥಾಮಸ್ ಹ್ಯಾರಿಸನ್ ಎಂಬಾತ ಪಿಮ್ಲಿಕೋ ಭಾಗದ ರಾನೆಲಾ ರಸ್ತೆಯಲ್ಲಿ ಪೀಠೋಪಕರಣಗಳ ದೊಡ್ಡ ಉಗ್ರಾಣವೊಂದನ್ನು ಸಾವಿರ ಮಂದಿ ಮಲಗುವ ವಸತಿಗೃಹವಾಗಿ ಮಾರ್ಪಡಿಸಿದ. ರಾತ್ರಿಗೆ ಒಂದೂಕಾಲು ಶಿಲಿಂಗ್. ಹಾಸಿಗೆ, ಟವೆಲು, ಸೋಪು ಎಲ್ಲ ಸೇರಿ. ಸಂಜೆ ಬ್ಯಾಂಡು ಸಂಗೀತ ಪುಕ್ಕಟೆ. ಕುಕ್ ತನ್ನ ಪ್ರಯಾಣಿಕರನ್ನು ಅಲ್ಲಿಗೂ ಕಳಿಸುತ್ತಿದ್ದ. ಟಿಕೆಟಿನ ಜೊತೆಗೇ ವಸತಿಯನ್ನೂ ಗೊತ್ತುಮಾಡಿ ಹೊರಡುವ ಪದ್ಧತಿಗೆ ಇಂಥ ಕಡೆಗಳಲ್ಲೇ ಬೇರು ಬಿಟ್ಟಿದ್ದು.

ಇಷ್ಟೆಲ್ಲ ದಾಟಿ ಒಳಗೆ ಕಾಲಿಟ್ಟವನ ಮುಂದೆ ಒಂದು ಲಕ್ಷಕ್ಕೂ ಹೆಚ್ಚು ವಸ್ತುಗಳು! ಕೈಯಲ್ಲಿರುವುದು ಒಂದು ಹಗಲು. ಚಿಕ್ಕ ಕೈಪಿಡಿಗೇ ಒಂದು ಶಿಲಿಂಗ್, ಅಂದರೆ ಪ್ರವೇಶದಷ್ಟೇ ಬೆಲೆ. ಆದ್ದರಿಂದ ಹೆಚ್ಚಿನವರು ಜನ ನುಗ್ಗಿದ ಕಡೆ ನುಗ್ಗಿದರು. ಅವರಿಗೆ ಹಿಡಿಸಿದ್ದು ಓಡುತ್ತಿದ್ದ ಯಂತ್ರಗಳು, ನೇಯುವ ಮಗ್ಗಗಳು, ತಮ್ಮ ಕಸುಬಿಗೆ ಹತ್ತಿರವಾದ ಸಲಕರಣೆಗಳು. ಭಾರತದ ವಿಭಾಗದಲ್ಲಿ ಅಂಬಾರಿ ಹೊತ್ತ ಆನೆಯೊಂದು ನಿಂತಿತ್ತು. ಅದು ಭಾರತದಿಂದ ಬಂದದ್ದಲ್ಲ, ಇಂಗ್ಲೆಂಡಿನದೇ ಎಸೆಕ್ಸ್ ಪ್ರಾಂತ್ಯದ ಮ್ಯೂಸಿಯಮ್ಮೊಂದರಿಂದ ಎರವಲು ತಂದ ಒಣಹುಲ್ಲು ತುಂಬಿದ ಆನೆ! ಕೊಹಿನೂರ್ ವಜ್ರವನ್ನು ಪಂಜರದಂಥ ಪೆಟ್ಟಿಗೆಯಲ್ಲಿಟ್ಟಿದ್ದರು. 1849ರಲ್ಲಿ ಪಂಜಾಬನ್ನು ವಶಪಡಿಸಿಕೊಂಡಾಗ ಹತ್ತು ವರ್ಷದ ಬಾಲಕ ಮಹಾರಾಜ ದುಲೀಪ್ ಸಿಂಗ್‌ನಿಂದ ಕಸಿದ ಹರಳು ಅದು. ನೋಡಲು ಜನ ಮುಗಿಬಿದ್ದರು. ನೋಡಿದವರು ಇಷ್ಟೇನೇ ಎಂದುಕೊಂಡರು. ಹಗಲ ಬೆಳಕಿನಲ್ಲಿ ಅದು ಗಾಜಿನ ಚೂರಿನಂತೆ ಮಂಕಾಗಿತ್ತು. ಗ್ಯಾಸ್ ದೀಪ ಹಚ್ಚಿ ನೋಡಿದರೂ ಪ್ರಯೋಜನವಾಗಲಿಲ್ಲ. ಮರುವರ್ಷ ಅದನ್ನು ಮತ್ತೆ ಕತ್ತರಿಸಿ ಹೊಳಪು ಕೊಡಿಸಲಾಯಿತು.

ಊಟದ ವ್ಯವಸ್ಥೆಯನ್ನು ಷ್ವೆಪ್ಸ್ ಕಂಪನಿ ಗುತ್ತಿಗೆ ಹಿಡಿದಿತ್ತು. ಮದ್ಯಕ್ಕೆ ಅವಕಾಶವಿಲ್ಲ. ಕುಡಿಯುವ ನೀರನ್ನು ಮಾತ್ರ ಬಿಟ್ಟಿ ಕೊಡಬೇಕೆಂಬ ಷರತ್ತಿತ್ತು. ಸೋಡಾ, ಶರಬತ್ತಿನಂಥ ಪಾನೀಯದ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಸೀಸೆಗಳೂ, ಒಂಬತ್ತು ಲಕ್ಷಕ್ಕೂ ಹೆಚ್ಚು ಸಿಹಿ ಬನ್ನುಗಳೂ ಖರ್ಚಾದವು. ಹಳ್ಳಿಗರು ಬುತ್ತಿ ಕಟ್ಟಿಕೊಂಡೇ ಬಂದು ಕಾರಂಜಿಯ ಬದಿಯಲ್ಲಿ ಬಿಚ್ಚುತ್ತಿದ್ದರು. ದಿನವಿಡೀ ಸುತ್ತುವವರಿಗೆ, ಅದರಲ್ಲೂ ಹೆಂಗಸರು ಮಕ್ಕಳಿಗೆ, ಇನ್ನೊಂದು ಅಗತ್ಯವಿದೆ. ಅದನ್ನು ಬಾಯಿಬಿಟ್ಟು ಹೇಳಲು ಆ ಕಾಲದ ಸಭ್ಯರು ನಾಚುತ್ತಿದ್ದರು. ಜಾರ್ಜ್ ಜೆನ್ನಿಂಗ್ಸ್ ಎಂಬ ಕೊಳಾಯಿ ಕೆಲಸದವನು ನಾಚಿಕೆ ಬಿಟ್ಟು ಪ್ರದರ್ಶನದಲ್ಲಿ ನೀರಿನ ಶೌಚಾಲಯಗಳನ್ನು ಹಾಕಿಸಿದ. ಒಂದು ಪೆನ್ನಿ ಕೊಟ್ಟು ಬಳಸಿದವರು 8,27,280 ಮಂದಿ. ಊರು ನೋಡಲು ಬಂದವರಿಗೆ ಏನು ಬೇಕೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿ ಇಡೀ ಪ್ರದರ್ಶನದ ವರದಿಯಲ್ಲಿ ಇನ್ನೊಂದಿಲ್ಲ.

ಎಲ್ಲರ ಯೋಜನೆಯೂ ಕೈಗೂಡಲಿಲ್ಲ. ಲಂಡನ್ನಿನ ಬಡವರ ಬದುಕನ್ನು ವರದಿ ಮಾಡಿ ಖ್ಯಾತನಾದ ಹೆನ್ರಿ ಮೇಹ್ಯೂ ಅದೇ ವರ್ಷ ಒಂದು ವಿನೋದ ಕಾದಂಬರಿ ಬರೆದ. ಕಂಬರ್‌ಲೆಂಡಿನ ಗುಡ್ಡಗಾಡಿನ ಸ್ಯಾಂಡ್‌ಬಾಯ್ಸ್ ದಂಪತಿಗಳು ಪ್ರದರ್ಶನ ನೋಡಲು ಸಂಸಾರ ಸಮೇತ ಹೊರಟು, ಒಂದಾದ ಮೇಲೊಂದು ಫಜೀತಿಗೆ ಸಿಕ್ಕಿ, ಕಡೆಗೂ ಅದನ್ನು ನೋಡದೆಯೇ ಊರಿಗೆ ಮರಳುವ ಕಥೆ ಅದು. ಇದಕ್ಕೆ ತದ್ವಿರುದ್ಧವಾಗಿ, ಯಾವ ಯೋಜನೆಯ ಗೋಜಿಗೂ ಹೋಗದ ಮೇರಿ ಕೆಲಿನ್ಯಾಕ್ ಎಂಬ 84 ವರ್ಷದ ಮೀನು ಮಾರುವ ಮುದುಕಿ ಕಾರ್ನ್‌ವಾಲ್‌ನಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಸುಮಾರು 300 ಮೈಲಿ ನಡೆದೇ ಬಂದಳು. ಪ್ರದರ್ಶನ ನೋಡಿದಳು. ಲಂಡನ್ನಿನ ಲಾರ್ಡ್ ಮೇಯರ್ ಅವಳನ್ನು ಬರಮಾಡಿಕೊಂಡು ಮಾತಾಡಿಸಿದ.

ಶಿಲಿಂಗಿನ ಜನ ಬಂದರೆ ಏನಾದೀತೋ ಎಂದು ನಡುಗಿದ್ದವರಿಗೆ ಆದ ಅನುಭವವೇ ಬೇರೆ. ಮೇ 26ರಂದು ನೂಕುನುಗ್ಗಲಿಗೆಂದು ಭಾರಿ ಸಿದ್ಧತೆ ನಡೆದಿತ್ತು. ಬಂದವರು ನಿರೀಕ್ಷೆಗಿಂತ ಕಡಿಮೆ. ಮುಂದೆ ದಿನೇ ದಿನೇ ಏರಿ, ಅಕ್ಟೋಬರ್ 7ರಂದು ಒಂದೇ ದಿನ 1,09,915 ಮಂದಿ ಬಂದರು. ಗಾಜು ಒಡೆಯಲಿಲ್ಲ, ದಂಗೆ ಏಳಲಿಲ್ಲ. ಒಟ್ಟು ಭೇಟಿಗಳು 60 ಲಕ್ಷ 39 ಸಾವಿರ. ಅದರಲ್ಲಿ ಸುಮಾರು 44 ಲಕ್ಷ ಶಿಲಿಂಗಿನ ದಿನಗಳವು. ಕುಕ್ ತಾನು ಕರೆತಂದವರ ಸಂಖ್ಯೆ 1,65,000 ಎಂದು ಹೇಳಿಕೊಂಡ. ಪಂಚ್ ಪತ್ರಿಕೆ ಪೌಂಡು ಮತ್ತು ಶಿಲಿಂಗ್ ಮುಖಾಮುಖಿಯಾದಂತೆ ವ್ಯಂಗ್ಯಚಿತ್ರ ಬರೆಯಿತು. ಸಿರಿವಂತರ ಸಂಸಾರವೂ ಕೂಲಿಕಾರರ ಸಂಸಾರವೂ ಒಂದೇ ಸೂರಿನಡಿ ಎದುರುಬದುರಾಗಿ ಒಬ್ಬರನ್ನೊಬ್ಬರು ಬೆರಗಿನಿಂದ ನೋಡುವ ಚಿತ್ರ.

ಪ್ರದರ್ಶನದಿಂದ ಉಳಿದ 1,86,000 ಪೌಂಡ್ ಲಾಭದಲ್ಲಿ ಸೌತ್ ಕೆನ್ಸಿಂಗ್ಟನ್‌ನಲ್ಲಿ ಜಮೀನು ಕೊಂಡರು. ಇಂದು ಲಂಡನ್ನಿಗೆ ಮೂರು ದಿನಕ್ಕೆಂದು ಹೋಗುವವರ ಪಟ್ಟಿಯಲ್ಲಿ ತಪ್ಪದೆ ಸೇರುವ ದೊಡ್ಡ ಮ್ಯೂಸಿಯಂಗಳು ಇರುವುದು ಅಲ್ಲಿಯೇ. 1857ರಲ್ಲಿ ಅಲ್ಲಿ ತೆರೆದ ಮೊದಲ ಮ್ಯೂಸಿಯಂ, ದುಡಿದು ಬಂದವರೂ ನೋಡಲೆಂದು ಸಂಜೆ ಗ್ಯಾಸ್ ದೀಪ ಹಚ್ಚಿ ಬಾಗಿಲು ತೆರೆದಿಡುತ್ತಿತ್ತು. ಕುಕ್‌ನ ಕಂಪನಿ ಪ್ಯಾರಿಸ್, ಈಜಿಪ್ಟ್, ಕಡೆಗೆ ಭೂಪ್ರದಕ್ಷಿಣೆಯವರೆಗೆ ಬೆಳೆದು, 2019ರ ಸೆಪ್ಟೆಂಬರಿನಲ್ಲಿ ಮುಚ್ಚಿಹೋಯಿತು. ಸ್ಫಟಿಕದ ಅರಮನೆಯನ್ನು ಬಿಚ್ಚಿ ಸಿಡನ್‌ಹ್ಯಾಮ್‌ಗೆ ಸಾಗಿಸಿ 1854ರಲ್ಲಿ ಮತ್ತೆ ಕಟ್ಟಲಾಗಿತ್ತು. 1936ರ ನವೆಂಬರ್ 30ರ ರಾತ್ರಿ ಅದು ಬೆಂಕಿಗೆ ಆಹುತಿಯಾಯಿತು.

ಕಾಕತಾಳೀಯವೆಂದರೆ, ನಲವತ್ತೇಳು ವರ್ಷದ ಹಿಂದೆ ಅದೇ ನವೆಂಬರ್ 30ರಂದು, 1889ರಲ್ಲಿ, ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತ್ತು. ಮಾದರಿ ಅದೇ ಸ್ಫಟಿಕದ ಅರಮನೆ; ಅಡಿಗಲ್ಲು ಹಾಕಿದವನು ಆಲ್ಬರ್ಟನ ಮೊಮ್ಮಗ, ರಾಜಕುಮಾರ ಆಲ್ಬರ್ಟ್ ವಿಕ್ಟರ್. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸುಮಾರಿಗೆ ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೊರಗಿನ ಊರುಗಳಿಂದ ಜನ ಬುತ್ತಿಗಂಟಿನೊಂದಿಗೆ ಬರುತ್ತಾರೆ, ಗಾಜಿನ ಮನೆಯನ್ನು ಒಂದು ಸುತ್ತು ಹಾಕಿ, ಬಂಡೆಯ ಮೇಲೆ ಕೂತು ಉಂಡು, ಸಂಜೆಯ ರೈಲಿಗೆ ಹೊರಡುತ್ತಾರೆ.