ಕೇಂದ್ರ ಸರ್ಕಾರದ ಖರೀದಿಯಲ್ಲಿ ಸಣ್ಣ ಉದ್ಯಮಗಳು: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಉದ್ಯಮಿಗಳಿಗೆ ಮಾಹಿತಿ

ಕೇಂದ್ರ ಸರ್ಕಾರದ ಸಚಿವಾಲಯಗಳು, ಇಲಾಖೆಗಳು ಹಾಗೂ ಸಾರ್ವಜನಿಕ ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯ ಕನಿಷ್ಠ ಶೇ. 25 ಭಾಗವನ್ನು ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡತಕ್ಕದ್ದು. 2012ರ ಮಾರ್ಚ್ 23ರಂದು ಹೊರಡಿಸಲಾದ ಸಾರ್ವಜನಿಕ ಖರೀದಿ ನೀತಿ ಆದೇಶದಲ್ಲಿ ಈ ಪ್ರಮಾಣವು ಶೇ. 20 ಇದ್ದಿತು, 2018ರ ತಿದ್ದುಪಡಿಯ ಮೂಲಕ ಇದನ್ನು ಹೆಚ್ಚಿಸಲಾಯಿತು. ಇದರೊಳಗೆ ಶೇ. 4 ಭಾಗವು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರ ಉದ್ಯಮಗಳಿಗೆ, ಶೇ. 3 ಭಾಗವು ಮಹಿಳಾ ಉದ್ಯಮಿಗಳಿಗೆ ಮೀಸಲಾಗಿದೆ. ಪಾಲುದಾರಿಕೆ ಸಂಸ್ಥೆ ಅಥವಾ ಖಾಸಗಿ ಕಂಪನಿಯಾಗಿದ್ದಲ್ಲಿ ಆಯಾ ವರ್ಗದವರ ಪಾಲು ಕನಿಷ್ಠ ಶೇ. 51 ಇರಬೇಕು.

ಈ ಎರಡು ತಾಲ್ಲೂಕುಗಳ ಉದ್ಯಮಿಗಳು ಕೇಂದ್ರ ಸರ್ಕಾರದ ಖರೀದಿದಾರರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅಶೋಕಪುರಂನ ರೈಲ್ವೆ ಕಾರ್ಯಾಗಾರ, ನೈಋತ್ಯ ರೈಲ್ವೆಯ ಮೈಸೂರು ವಿಭಾಗ, ಬಿ.ಇ.ಎಂ.ಎಲ್., ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ ಮೊದಲಾದವು ಮೈಸೂರು ನಗರದಲ್ಲಿಯೇ ಇವೆ. ಯಂತ್ರದ ಬಿಡಿಭಾಗಗಳಲ್ಲದೆ ಪೀಠೋಪಕರಣ, ಸಮವಸ್ತ್ರ, ಮುದ್ರಣ, ಬಾಡಿಗೆ ವಾಹನ, ಸ್ವಚ್ಛತಾ ಸೇವೆ ಇತ್ಯಾದಿಗಳೂ ಇಂತಹ ಕಚೇರಿಗಳಿಗೆ ಅವಶ್ಯವಾಗಿರುತ್ತವೆ.

ಯಾವ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು

ರಾಜ್ಯ ಸರ್ಕಾರದ ಟೆಂಡರುಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಜಾಲತಾಣದಲ್ಲಿ, 1999ರ ಪಾರದರ್ಶಕತೆ ಅಧಿನಿಯಮದಡಿ ನಡೆಯುತ್ತವೆ. ಅಲ್ಲಿ ನೋಂದಾಯಿಸಿಕೊಂಡ ಮಾತ್ರಕ್ಕೆ ಕೇಂದ್ರದ ಟೆಂಡರಿನಲ್ಲಿ ಭಾಗವಹಿಸಲು ಬರುವುದಿಲ್ಲ. ಹಿಂದೆ ಕೇಂದ್ರದ ಬಹುಪಾಲು ಸಾಮಾನ್ಯ ಸಾಮಗ್ರಿಗಳಿಗೆ ಸರಬರಾಜು ಮತ್ತು ವಿಲೇವಾರಿ ಮಹಾನಿರ್ದೇಶನಾಲಯವು ದರ ಕರಾರು ಮಾಡಿಕೊಳ್ಳುತ್ತಿತ್ತು. ಸದರಿ ನಿರ್ದೇಶನಾಲಯವನ್ನು 2017ರ ಅಕ್ಟೋಬರ್ 31ರಂದು ಮುಚ್ಚಲಾಗಿದೆ. ಈಗ ಸಾಮಾನ್ಯ ಬಳಕೆಯ ಸರಕು ಮತ್ತು ಸೇವೆಗಳ ಖರೀದಿಯು 2016ರ ಆಗಸ್ಟ್‌ನಲ್ಲಿ ಆರಂಭವಾದ ಸರ್ಕಾರಿ ಇ-ಮಾರುಕಟ್ಟೆ, ಅಂದರೆ ಜೆಮ್ ಜಾಲತಾಣದಲ್ಲಿ ನಡೆಯುತ್ತದೆ. ರೈಲ್ವೆಗೆ ತನ್ನದೇ ಆದ ಐರೆಪ್ಸ್ ಜಾಲತಾಣವಿದೆ. ಇತರೆ ಇಲಾಖೆಗಳ ಟೆಂಡರು ಪ್ರಕಟಣೆಗಳು ಕೇಂದ್ರೀಯ ಸಾರ್ವಜನಿಕ ಸಂಗ್ರಹಣಾ ಜಾಲತಾಣದಲ್ಲಿ ದೊರೆಯುತ್ತವೆ. ಅಲ್ಲಿ ಟೆಂಡರು ಸಲ್ಲಿಸಲು ಡಿಜಿಟಲ್ ಸಹಿ ಪ್ರಮಾಣಪತ್ರ ಹೊಂದಿರತಕ್ಕದ್ದು. ರೈಲ್ವೆಯ ಸುರಕ್ಷತೆಗೆ ಸಂಬಂಧಿಸಿದ ಹಲವು ಬಿಡಿಭಾಗಗಳನ್ನು ಅನುಮೋದಿತ ತಯಾರಕರಿಂದ ಮಾತ್ರ ಪಡೆಯಲಾಗುತ್ತದೆಯಾದ್ದರಿಂದ, ಹೊಸ ಘಟಕಗಳು ಸಾಮಾನ್ಯ ಸಾಮಗ್ರಿಗಳಿಂದ ಆರಂಭಿಸುವುದು ಸೂಕ್ತ.

ಉದ್ಯಮ್ ನೋಂದಣಿ

ಮೇಲ್ಕಂಡ ಸೌಲಭ್ಯಗಳಿಗೆ ಉದ್ಯಮ್ ನೋಂದಣಿಯೇ ಆಧಾರ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಯನ್ನು ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳೊಂದಿಗೆ ಸ್ವಯಂ ಘೋಷಣೆಯ ಮೇಲೆ ಮಾಡಲಾಗುತ್ತದೆ. ಯಾವುದೇ ದಾಖಲೆ ಲಗತ್ತಿಸಬೇಕಾಗಿಲ್ಲ ಮತ್ತು ಯಾವುದೇ ಶುಲ್ಕವಿಲ್ಲ. ಸರ್ಕಾರದ ಜಾಲತಾಣವನ್ನೇ ಹೋಲುವ ಖಾಸಗಿ ಜಾಲತಾಣಗಳಲ್ಲಿ ಹಣ ಪಾವತಿಸಿ ಮೋಸಹೋಗದಂತೆ ಎಚ್ಚರ ವಹಿಸುವುದು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪರಿಷ್ಕೃತ ಮಿತಿಯಂತೆ, ಯಂತ್ರೋಪಕರಣಗಳ ಮೇಲಿನ ಹೂಡಿಕೆ 2.5 ಕೋಟಿ ರೂ. ಮತ್ತು ವಾರ್ಷಿಕ ವಹಿವಾಟು 10 ಕೋಟಿ ರೂ. ಮೀರದ ಉದ್ಯಮವು ಅತಿ ಸಣ್ಣ ಉದ್ಯಮವಾಗಿದೆ. ಸಣ್ಣ ಉದ್ಯಮಕ್ಕೆ ಈ ಮಿತಿಗಳು ಕ್ರಮವಾಗಿ 25 ಕೋಟಿ ಮತ್ತು 100 ಕೋಟಿ ರೂ.

ಚಟುವಟಿಕೆಯ ಕಾಲಂ ಭರ್ತಿ ಮಾಡುವಾಗ ವಿಶೇಷ ಗಮನ ಅಗತ್ಯ. ಖರೀದಿ ನೀತಿಯ ಸೌಲಭ್ಯವು ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ ಅನ್ವಯವಾಗುತ್ತದೆಯೇ ಹೊರತು ವ್ಯಾಪಾರಿಗಳಿಗಲ್ಲ. ಉದಾಹರಣೆಗೆ, ತಿ. ನರಸೀಪುರದಲ್ಲಿ ಸಮವಸ್ತ್ರಗಳನ್ನು ತಾವೇ ಹೊಲಿಸಿ ಪೂರೈಸುವ ಘಟಕವು ‘ಬಟ್ಟೆ ವ್ಯಾಪಾರ’ ಎಂದು ನಮೂದಿಸಿದಲ್ಲಿ, ಅರ್ಹತೆಯಿದ್ದರೂ ರಿಯಾಯಿತಿ ದೊರೆಯದು.

ಟೆಂಡರಿನಲ್ಲಿ ದೊರೆಯುವ ರಿಯಾಯಿತಿಗಳು

ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಟೆಂಡರು ನಮೂನೆಗಳನ್ನು ಉಚಿತವಾಗಿ ನೀಡಲಾಗುತ್ತದೆ ಹಾಗೂ ಇ.ಎಂ.ಡಿ. ಪಾವತಿಯಿಂದ ವಿನಾಯಿತಿ ಇದೆ. ಕಾರ್ಯಾದೇಶ ದೊರೆತ ನಂತರ ಸಲ್ಲಿಸಬೇಕಾದ ಭದ್ರತಾ ಠೇವಣಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಇವೆರಡೂ ಒಂದೇ ಎಂದು ಭಾವಿಸತಕ್ಕದ್ದಲ್ಲ. ಹಿಂದಿನ ಅನುಭವ ಮತ್ತು ವಹಿವಾಟಿನ ಷರತ್ತನ್ನು ಸಡಿಲಿಸುವ ಅಧಿಕಾರ ಖರೀದಿದಾರರಿಗೆ ಇದೆಯಾದರೂ ಅದು ತಾನಾಗಿಯೇ ದೊರೆಯುವ ಹಕ್ಕಲ್ಲ. ಆದುದರಿಂದ ಪ್ರತಿ ಟೆಂಡರಿನ ಷರತ್ತುಗಳನ್ನು ಪ್ರತ್ಯೇಕವಾಗಿ ಓದಿಕೊಳ್ಳಬೇಕು.

ದರದ ವಿಷಯದಲ್ಲಿನ ರಿಯಾಯಿತಿಯೇ ಇವುಗಳಲ್ಲಿ ಹೆಚ್ಚು ಪ್ರಯೋಜನಕಾರಿ. ದೊಡ್ಡ ಕಂಪನಿಯೊಂದು ಒಂದು ಸಾಮಗ್ರಿಗೆ 100 ರೂ. ಎಂದು ಕನಿಷ್ಠ ದರ ನಮೂದಿಸಿದ್ದು, ನಂಜನಗೂಡಿನ ಸಣ್ಣ ಘಟಕವು 113 ರೂ. ನಮೂದಿಸಿದೆ ಎಂದಿಟ್ಟುಕೊಳ್ಳಬಹುದು. ಈ ದರವು ಕನಿಷ್ಠ ದರಕ್ಕಿಂತ ಶೇ. 15ರ ಒಳಗಿರುವುದರಿಂದ, ಸದರಿ ಘಟಕವು 100 ರೂ.ಗೆ ಇಳಿಯಲು ಒಪ್ಪಿದಲ್ಲಿ ಒಟ್ಟು ಪ್ರಮಾಣದ ಕನಿಷ್ಠ ಶೇ. 25 ಭಾಗವನ್ನು ಪೂರೈಸಲು ಅವಕಾಶ ದೊರೆಯುತ್ತದೆ. ಇಂತಹ ಘಟಕಗಳು ಒಂದಕ್ಕಿಂತ ಹೆಚ್ಚಿದ್ದಲ್ಲಿ ಹಂಚಿಕೊಡಲಾಗುತ್ತದೆ. ಕನಿಷ್ಠ ದರ ನಮೂದಿಸಿದವರೇ ಸಣ್ಣ ಉದ್ಯಮವಾಗಿದ್ದಲ್ಲಿ ಈ ಅವಕಾಶ ಉದ್ಭವಿಸುವುದಿಲ್ಲ. 100 ರೂ.ಗೆ ಕೊಟ್ಟರೆ ಗಿಟ್ಟುತ್ತದೆಯೇ ಎಂಬ ಲೆಕ್ಕವನ್ನು ಮೊದಲೇ ಮಾಡಿಟ್ಟುಕೊಂಡಿರಬೇಕು.

ಇದಲ್ಲದೆ 358 ಸಾಮಗ್ರಿಗಳನ್ನು ಸಣ್ಣ ಉದ್ಯಮಗಳಿಂದಲೇ ಖರೀದಿಸಲು ಕಾಯ್ದಿರಿಸಲಾಗಿದೆ. ಉಪ್ಪಿನಕಾಯಿ, ಜೇನುತುಪ್ಪ, ಪೊರಕೆ, ರಟ್ಟಿನ ಪೆಟ್ಟಿಗೆ, ಮರದ ಪೀಠೋಪಕರಣ ಇವೆಲ್ಲ ಈ ಪಟ್ಟಿಯಲ್ಲಿವೆ.

ಜೆಮ್‌ನಲ್ಲಿ ನಮೂದಿಸುವ ದರವು ತೆರಿಗೆ, ಸಾಗಾಣಿಕೆ, ಇಳಿಸುವ ಕೂಲಿ ಎಲ್ಲವನ್ನೂ ಒಳಗೊಂಡಿರುತ್ತದೆ. ಲಾರಿ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯದೆ ದರ ಹಾಕಿದವರಿಗೆ ದೂರದ ರಾಜ್ಯದ ಆದೇಶವು ನಷ್ಟಕ್ಕೆ ಕಾರಣವಾಗಬಹುದು. ತಲುಪಿಸಲು ಸಾಧ್ಯವಿರುವ ಸ್ಥಳಗಳನ್ನು ಮತ್ತು ಕನಿಷ್ಠ ಆದೇಶ ಪ್ರಮಾಣವನ್ನು ಮಾರಾಟಗಾರರೇ ನಿಗದಿಪಡಿಸಬಹುದಾಗಿದೆ.

ಹಣ ಪಾವತಿ ವಿಳಂಬವಾದಲ್ಲಿ

ಸಣ್ಣ ಘಟಕಕ್ಕೆ ಮೂರು ತಿಂಗಳ ಬಾಕಿ ಎಂದರೆ ಮುಂದಿನ ಸರಕಿಗೆ ಬಂಡವಾಳವಿಲ್ಲವೆಂದೇ ಅರ್ಥ. ಆದೇಶ ಪಡೆಯುವುದಕ್ಕಿಂತ ಹಣ ಪಡೆಯುವುದೇ ಕಷ್ಟವೆಂಬ ಕಾರಣಕ್ಕೆ ಸರ್ಕಾರಿ ಸರಬರಾಜಿನಿಂದ ದೂರ ಉಳಿದವರೂ ಇದ್ದಾರೆ. ಇಂತಹವರು 2006ರ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮವನ್ನು ತಿಳಿದಿರಬೇಕು.

ಸದರಿ ಅಧಿನಿಯಮದ 15ನೇ ಪ್ರಕರಣದಂತೆ, ಲಿಖಿತ ಕರಾರಿನಲ್ಲಿ ಏನೇ ಅವಧಿ ಬರೆದಿದ್ದರೂ ಸರಕು ಅಂಗೀಕಾರವಾದ 45 ದಿನಗಳೊಳಗೆ ಹಣ ಪಾವತಿಸತಕ್ಕದ್ದು. ಲಿಖಿತ ಕರಾರು ಇಲ್ಲದಿದ್ದಲ್ಲಿ ಈ ಅವಧಿ 15 ದಿನಗಳು. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ, ಸರಕು ತಲುಪಿದ ದಿನವೇ ಅಂಗೀಕಾರವಾಯಿತೆಂದು ಕಾನೂನು ಪರಿಗಣಿಸುತ್ತದೆ. ಆದ್ದರಿಂದ ಸರಕು ತಲುಪಿಸಿದ ದಿನಾಂಕವುಳ್ಳ, ಸಹಿ ಮತ್ತು ಮೊಹರಿನ ಸ್ವೀಕೃತಿಯನ್ನು ಪಡೆದು ಜೋಪಾನವಾಗಿಡುವುದು ಅತ್ಯವಶ್ಯ. ವಿಳಂಬವಾದ ಮೊತ್ತಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ತೆರಬೇಕಾಗುತ್ತದೆ.

ಬಾಕಿಯ ಬಗ್ಗೆ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ಅರ್ಜಿ ಸಲ್ಲಿಸಬಹುದು. ಮಂಡಳಿಯು ಮೊದಲು ರಾಜಿಗೆ ಪ್ರಯತ್ನಿಸಿ, ವಿಫಲವಾದಲ್ಲಿ ಪಂಚಾಯ್ತಿ ತೀರ್ಮಾನಕ್ಕೆ ಒಳಪಡಿಸುತ್ತದೆ. ಸದರಿ ತೀರ್ಮಾನವನ್ನು ಪ್ರಶ್ನಿಸಲಿಚ್ಛಿಸುವ ಖರೀದಿದಾರರು ಮೊತ್ತದ ಶೇ. 75 ಭಾಗವನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬೇಕು. ಮಧ್ಯಮ ಉದ್ಯಮಗಳಿಗೆ ಈ ರಕ್ಷಣೆ ಇಲ್ಲ. ನೋಂದಣಿಗೆ ಮುಂಚಿನ ಸರಬರಾಜಿಗೆ ಈ ರಕ್ಷಣೆ ದೊರೆಯುವುದೇ ಎಂಬ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿರುವುದರಿಂದ, ಮೊದಲ ಕರಾರಿಗೆ ಮುನ್ನವೇ ಉದ್ಯಮ್ ಸಂಖ್ಯೆ ಪಡೆಯುವುದು ಕ್ಷೇಮಕರ. ಪ್ರತಿ ಬಿಲ್ಲಿನ ಮೇಲೆ ಈ ಸಂಖ್ಯೆಯನ್ನು ನಮೂದಿಸುವುದು.

ಉದ್ಯಮ್ ನೋಂದಣಿ, ಜೆಮ್ ಖಾತೆ ತೆರೆಯುವಿಕೆ ಅಥವಾ ಬಾಕಿ ವಸೂಲಾತಿ ಅರ್ಜಿಯ ಬಗ್ಗೆ ಮಾರ್ಗದರ್ಶನ ಬೇಕಾದವರು ಮೈಸೂರಿನ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಬರುವಾಗ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಪುಸ್ತಕ ಹಾಗೂ ಜಿ.ಎಸ್.ಟಿ. ನೋಂದಣಿ ಇದ್ದಲ್ಲಿ ಅದರ ಪ್ರತಿಯನ್ನು, ಬಾಕಿ ಪ್ರಕರಣವಾದಲ್ಲಿ ಖರೀದಿ ಆದೇಶ, ಬಿಲ್ಲು ಮತ್ತು ಸ್ವೀಕೃತಿ ಪತ್ರಗಳನ್ನು ತರುವುದು.