ಧಮನಿ, ಮಳೆ ಮತ್ತು ‘ಅಶುದ್ಧ’ ರಕ್ತ

‘ಧಮನಿ’ ಎಂದರೆ ನಮಗೆ ನೆನಪಾಗುವುದು ರಕ್ತ. ಆ ಪದದ ಸಂಸ್ಕೃತ ಧಾತುವಿಗೆ ಮಾತ್ರ ‘ಊದು’ ಎಂಬ ಅರ್ಥ. ಕಮ್ಮಾರನ ತಿದಿ ಮಾಡುವ ಕೆಲಸ ಅದು. ಇಂಗ್ಲಿಷಿನ ‘ಆರ್ಟರಿ’ಗೆ ಮೂಲವಾದ ಗ್ರೀಕ್ ಪದವನ್ನೂ ಮೊದಲು ಶ್ವಾಸನಾಳಕ್ಕೆ ಬಳಸುತ್ತಿದ್ದರು. ಹೆಣವನ್ನು ಕೊಯ್ದಾಗ ಈ ನಾಳಗಳು ಬಹುಮಟ್ಟಿಗೆ ಬರಿದಾಗಿ ಕಾಣುತ್ತವೆ. ಹಾಗಾಗಿ ಕ್ರಿ.ಪೂ. 3ನೇ ಶತಮಾನದ ಎರಸಿಸ್ಟ್ರಾಟಸ್ ಅವುಗಳಲ್ಲಿ ಇರುವುದು ಗಾಳಿಯೇ ಎಂದು ನಂಬಿದ್ದ. ದೂರದೂರದ ಎರಡು ಭಾಷೆಗಳು ರಕ್ತನಾಳಕ್ಕೆ ಉಸಿರಿನ ನಂಟಿರುವ ಹೆಸರಿಟ್ಟಿವೆ ಎಂದು ತಿಳಿದಾಗಿನಿಂದ, ಶಾಲೆಯಲ್ಲಿ ಉರುಹೊಡೆದ ಪದಗಳನ್ನು ಬಿಡಿಸಿ ನೋಡುವ ಚಟ ನನಗೆ ಹತ್ತಿದೆ.

ಧಮನಿಯಲ್ಲಿ ಇರುವುದು ರಕ್ತವೇ ಎಂದು ತೋರಿಸಿದವನು 2ನೇ ಶತಮಾನದ ಗ್ಯಾಲೆನ್. ಆದರೆ ಅವನ ಪ್ರಕಾರ ಉಂಡ ಅನ್ನ ಯಕೃತ್ತಿನಲ್ಲಿ ರಕ್ತವಾಗುತ್ತದೆ, ಅಂಗಾಂಗಗಳಿಗೆ ಹೋಗಿ ಅಲ್ಲೇ ಇಂಗುತ್ತದೆ. ಕೆರೆಯ ತೂಬಿನಿಂದ ಗದ್ದೆಗೆ ಬಿಟ್ಟ ನೀರಿನ ಹಾಗೆ, ಹೋದದ್ದು ಹಿಂದಿರುಗುವುದಿಲ್ಲ. ಸಾವಿರದ ನಾನೂರು ವರ್ಷ ಈ ಚಿತ್ರ ಅಲುಗಲಿಲ್ಲ.

ಅಲುಗಿಸಿದ್ದು ಒಂದು ಸರಳ ಲೆಕ್ಕ. 1628ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವಿಲಿಯಂ ಹಾರ್ವೆ, ಒಂದು ಬಡಿತಕ್ಕೆ ಹೃದಯದಿಂದ ಹೊರಡುವ ರಕ್ತವನ್ನು ಬೇಕೆಂದೇ ಕಡಿಮೆ ಹಿಡಿದು ಗುಣಿಸಿದ. ಆದರೂ ಅರ್ಧ ಗಂಟೆಯ ಮೊತ್ತ ಇಡೀ ದೇಹದಲ್ಲಿರುವ ರಕ್ತವನ್ನು ಮೀರಿತು. ಇಂದಿನ ಅಳತೆ ಹಿಡಿದರೆ ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 5 ಲೀಟರ್. ಅಷ್ಟನ್ನು ಹೊಸದಾಗಿ ತಯಾರಿಸಲು ಯಾರ ಊಟ ಸಾಕಾದೀತು? ಹೋದ ರಕ್ತವೇ ಸುತ್ತಿ ಬರಬೇಕು. ಈ ಸುತ್ತಾಟವನ್ನು ವಿವರಿಸಲು ಹಾರ್ವೆ ಅರಿಸ್ಟಾಟಲನನ್ನು ನೆನೆದು ಮಳೆಯ ಹೋಲಿಕೆ ಕೊಟ್ಟ: ಬಿಸಿಲಿಗೆ ನೆಲದ ತೇವ ಆವಿಯಾಗಿ ಮೇಲೇರುತ್ತದೆ, ಮಳೆಯಾಗಿ ಮತ್ತೆ ನೆಲಕ್ಕಿಳಿಯುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ರಕ್ತಪರಿಚಲನೆ ಒಂದು ಪಾಠ, ಜಲಚಕ್ರ ಇನ್ನೊಂದು ಪಾಠ. ಅವೆರಡೂ ಹುಟ್ಟಿನಿಂದಲೇ ನೆಂಟರು ಎಂದು ನನಗೆ ಯಾವ ಮೇಷ್ಟ್ರೂ ಹೇಳಲಿಲ್ಲ.

ತಮಾಷೆಯೆಂದರೆ, ಹಾರ್ವೆ ಸಾಕ್ಷಿಗೆ ಕರೆದ ಮಳೆಯ ಚಕ್ರವನ್ನೇ ಆಗ ಯಾರೂ ಅಳೆದು ನೋಡಿರಲಿಲ್ಲ. ನದಿ ತುಂಬಲು ಮಳೆ ಸಾಲದು, ಸಮುದ್ರದ ನೀರೇ ನೆಲದೊಳಗಿನಿಂದ ಚಿಲುಮೆಗೆ ಬರುತ್ತದೆ ಎಂದು ನಂಬಿದ್ದ ಪಂಡಿತರು ಬಹಳ. 1674ರಲ್ಲಿ ಪಿಯರ್ ಪೆರೋ (ಸಿಂಡ್ರೆಲಾ ಕತೆ ಬರೆದ ಶಾರ್ಲ್ ಪೆರೋನ ಅಣ್ಣ) ಸೇನ್ ನದಿಯ ಮೂಲದ ಪ್ರದೇಶದಲ್ಲಿ ಬೀಳುವ ಮಳೆಯನ್ನು ಲೆಕ್ಕ ಹಾಕಿದ. ಅದು ನದಿಯಲ್ಲಿ ಹರಿಯುವ ನೀರಿನ ಆರರಷ್ಟಿತ್ತು. ಹದಿಮೂರು ವರ್ಷಗಳ ನಂತರ ಎಡ್ಮಂಡ್ ಹ್ಯಾಲಿ ಉಪ್ಪುನೀರಿನ ಬಾಣಲೆಯಿಂದ ಎಷ್ಟು ಆವಿಯಾಗುತ್ತದೆಂದು ತೂಗಿ, ಮೆಡಿಟರೇನಿಯನ್ ಸಮುದ್ರದಿಂದ ಮೇಲೇರುವ ನೀರನ್ನು ಅಂದಾಜು ಮಾಡಿದ. ಹೋಲಿಕೆಗೆ ಪುರಾವೆ ಸಿಕ್ಕಿದ್ದು ಹಾರ್ವೆ ತೀರಿಕೊಂಡ ಮೇಲೆ.

ಕನ್ನಡದ ಪಠ್ಯಪುಸ್ತಕಗಳಲ್ಲಿರುವ ‘ಅಪಧಮನಿ’, ‘ಅಭಿಧಮನಿ’ಗಳು ಮಕ್ಕಳಿಗೆ ಪರೀಕ್ಷೆಯಲ್ಲಿ ಅದಲುಬದಲಾಗುವ ಪದಗಳು. ‘ಅಪ’ ಎಂದರೆ ದೂರಕ್ಕೆ, ‘ಅಭಿ’ ಎಂದರೆ ಕಡೆಗೆ. ಹೃದಯದಿಂದ ದೂರ ಒಯ್ಯುವುದು ಒಂದು, ಹೃದಯದ ಕಡೆಗೆ ತರುವುದು ಇನ್ನೊಂದು. ಹಾರ್ವೆ ಕಂಡುಕೊಂಡ ದಾರಿ ಎರಡು ಪುಟ್ಟ ಉಪಸರ್ಗಗಳಲ್ಲಿ ಅಡಗಿದೆ! ಎರಡೂ ಕೂಡುವ ಜಾಗ ಅವನ ಕಣ್ಣಿಗೆ ಬೀಳಲಿಲ್ಲ. 1661ರಲ್ಲಿ ಮಾಲ್ಪಿಗಿ ಸೂಕ್ಷ್ಮದರ್ಶಕದಡಿ ಕಪ್ಪೆಯ ಶ್ವಾಸಕೋಶದಲ್ಲಿ ಅದನ್ನು ಕಂಡ. ಕೂದಲಿನಷ್ಟು ಸಪೂರ ಎಂದೇ ಅದು ಲೋಮನಾಳ.

ಕನ್ನಡದಲ್ಲಿ ‘ಶುದ್ಧ ರಕ್ತ’, ‘ಅಶುದ್ಧ ರಕ್ತ’ ಎಂಬ ಮಾತೂ ಇದೆ. ನನ್ನ ತಕರಾರು ಇದರ ಬಗ್ಗೆ. ಹಳೆಯ ಪುಸ್ತಕಗಳು ನಾಳಗಳಿಗೇ ‘ಶುದ್ಧ’, ‘ಮಲಿನ’ ಎಂದು ಹೆಸರಿಟ್ಟವು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯೇ ಈ ಹೆಸರನ್ನು ಸುಳ್ಳು ಮಾಡುತ್ತದೆ. ಅದು ಒಯ್ಯುವುದು ‘ಅಶುದ್ಧ’ ಎನಿಸಿಕೊಂಡ ರಕ್ತವನ್ನೇ. ವಿರಮಿಸುತ್ತಿರುವ ದೇಹದಿಂದ ಹೃದಯಕ್ಕೆ ಮರಳುವ ರಕ್ತದಲ್ಲಿ ಇನ್ನೂ ಮುಕ್ಕಾಲು ಪಾಲಿನಷ್ಟು ಆಮ್ಲಜನಕ ಉಳಿದಿರುತ್ತದೆ. ಅದರಲ್ಲಿ ಕೊಳೆ ಎಲ್ಲಿಂದ ಬಂತು? ‘ಆಮ್ಲಜನಕ’ವೂ ತಪ್ಪು ಹೆಸರೇ. ಎಲ್ಲ ಆಮ್ಲಗಳಿಗೂ ಇದೇ ಮೂಲವೆಂದು ಲವಾಸಿಯೇ ಇಟ್ಟ ಹೆಸರಿನ ಅನುವಾದ ಅದು. ಆಮ್ಲಜನಕವಿಲ್ಲದ ಆಮ್ಲವೂ ಉಂಟೆಂದು ಹಂಫ್ರಿ ಡೇವಿ 1810ರಲ್ಲಿ ತೋರಿಸಿದ. ಆ ತಪ್ಪಿನಿಂದ ಯಾರಿಗೂ ನೋವಾಗಿಲ್ಲ, ಇರಲಿ ಬಿಡಿ.

‘ಅಶುದ್ಧ’ ಹಾಗಲ್ಲ. ಬಾವಿಯ ನೀರನ್ನು, ಮನುಷ್ಯರ ನೆರಳನ್ನು ಅಶುದ್ಧವೆಂದ ಸಮಾಜ ನಮ್ಮದು. ತಿಂಗಳ ಮುಟ್ಟಿನದು ‘ಕೆಟ್ಟ ರಕ್ತ’ ಎಂದು ಮನೆಯಲ್ಲಿ ಕೇಳಿ ಬೆಳೆದ ಹುಡುಗಿ, ತರಗತಿಯಲ್ಲೂ ತನ್ನ ಮೈಯ ಅರ್ಧ ರಕ್ತಕ್ಕೆ ಅದೇ ಹೆಸರು ಕೇಳಿದರೆ, ಮನೆಯವರ ಮಾತಿಗೆ ವಿಜ್ಞಾನವೂ ತಲೆಯಾಡಿಸಿದಂತೆಯೇ ಅಲ್ಲವೇ? ‘ಆಮ್ಲಜನಕ ಕಡಿಮೆಯಾದ ರಕ್ತ’ ಎನ್ನುವುದಕ್ಕೆ ಒಂದು ಪದ ಹೆಚ್ಚು ಬೇಕು, ಅಷ್ಟೇ.